ಗೊರಿಲ್ಲಾ ನಿಮ್ಮನ್ನು ಲೆಕ್ಕಕ್ಕೇ ಇಡದಿರಲಿ

ಉಗಾಂಡಾಕ್ಕೆ ಗೊರಿಲ್ಲಾ ನೋಡಲು ಹೊರಟವರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬದಲಾಗುವುದೇ ಇಲ್ಲ: "ಪಳಗಿಸಿರೋ ಗೊರಿಲ್ಲಾ ಅಂದ್ಮೇಲೆ ಹತ್ತಿರ ಹೋಗಿ ಮುಟ್ಟಬಹುದಲ್ವಾ?" ಮುಟ್ಟಬಾರದು. ಹತ್ತಿರವೂ ಹೋಗಬಾರದು. ಎಲ್ಲಕ್ಕಿಂತ ಮೊದಲು, ಅದನ್ನು ಯಾರೂ ಪಳಗಿಸಿಲ್ಲ. ವೀಸಾ, ವಿಮಾನ, ಕ್ಯಾಮೆರಾ ಲೆನ್ಸ್ ಬಗ್ಗೆ ತಿಂಗಳುಗಟ್ಟಲೆ ಓದಿಕೊಂಡು ಬರುವವರೂ ಈ ಒಂದು ವಿಷಯದಲ್ಲಿ ಎಡವುತ್ತಾರೆ. ಅದರ ಫಲ ಅನುಭವಿಸುವುದು ಗೊರಿಲ್ಲಾ. ಹಾಗಾಗಿ ಈ ಅಂಕಣವನ್ನು ಬಹುಮಟ್ಟಿಗೆ ಇದೊಂದಕ್ಕೇ ಮೀಸಲಿಡುತ್ತೇನೆ.

ಪಳಗಿಸುವುದು ಎಂದರೆ ನಮಗೆ ಆನೆ ನೆನಪಾಗುತ್ತದೆ. ಕಾಡಾನೆಯನ್ನು ಹಿಡಿದು ಕ್ರಾಲ್‌ನಲ್ಲಿ, ಅಂದರೆ ಮರದ ದಿಮ್ಮಿಗಳ ದೊಡ್ಡಿಯಲ್ಲಿಟ್ಟು, ಮಾವುತ ಕಾವಾಡಿಗಳು ತಿಂಗಳುಗಟ್ಟಲೆ ಜೊತೆಗಿದ್ದು, ಬೆಲ್ಲ ಕಬ್ಬು ತಿನ್ನಿಸಿ, ಹೇಳಿದ ಮಾತು ಕೇಳುವಂತೆ ಮಾಡುತ್ತಾರೆ. ಅಲ್ಲಿ ಮನುಷ್ಯನಿಗೂ ಪ್ರಾಣಿಗೂ ಕೊಡುಕೊಳ್ಳುವಿಕೆ ಇದೆ. ನಂದಿ ಬೆಟ್ಟದ ಕೋತಿಗಳ ಕಥೆ ಬೇರೆ. ಅವುಗಳನ್ನು ಯಾರೂ ಪಳಗಿಸಲಿಲ್ಲ, ನಮ್ಮ ಬಾಳೆಹಣ್ಣು, ಚಿಪ್ಸ್ ರುಚಿ ಹತ್ತಿತು ಅಷ್ಟೆ. ಮನುಷ್ಯ ಕಂಡರೆ ತಿಂಡಿ ಎಂದು ಕಲಿತವು, ಕೈಚೀಲ ಕಸಿಯಲು ಶುರುಮಾಡಿದವು.

ಉಗಾಂಡಾದ ಬ್ವಿಂಡಿ ಕಾಡಿನ ಗೊರಿಲ್ಲಾ ವಿಷಯದಲ್ಲಿ ಇವೆರಡೂ ನಡೆಯುವುದಿಲ್ಲ, ನಡೆಯಲೂ ಬಾರದು. ಅಲ್ಲಿ ನಡೆಯುವುದನ್ನು ಇಂಗ್ಲಿಷಿನಲ್ಲಿ ಹ್ಯಾಬಿಚುಯೇಷನ್ ಎನ್ನುತ್ತಾರೆ. ನಾನು 'ರೂಢಿ ಮಾಡಿಸುವುದು' ಎನ್ನುತ್ತೇನೆ. ರೈಲು ಹಳಿಯ ಪಕ್ಕ ಮನೆ ಮಾಡಿದವರಿಗೆ ಮೊದಲ ವಾರ ನಿದ್ದೆ ಬರುವುದಿಲ್ಲ, ಆರು ತಿಂಗಳಾದರೆ ರೈಲು ಹೋದದ್ದೇ ಗೊತ್ತಾಗುವುದಿಲ್ಲ. ರೈಲಿನ ಮೇಲೆ ಅವರಿಗೆ ಪ್ರೀತಿ ಬಂದದ್ದರಿಂದ ಹೀಗಾಗುವುದಲ್ಲ. ಅದರಿಂದ ತಮಗೆ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಎಂದು ಮನಸ್ಸು ತೀರ್ಮಾನಿಸಿಬಿಟ್ಟಿರುತ್ತದೆ. ಗೊರಿಲ್ಲಾಕ್ಕೂ ದಿನಾ ಇದೇ ಪಾಠ: ಇವರು ಬಂದರು, ಕೂತರು, ಹೋದರು, ಏನೂ ಆಗಲಿಲ್ಲ. ಈ 'ಏನೂ ಆಗಲಿಲ್ಲ' ಎನ್ನುವುದನ್ನು ಎರಡು ಮೂರು ವರ್ಷ, ಕೆಲವು ಗುಂಪುಗಳಿಗೆ ಅದಕ್ಕಿಂತಲೂ ಹೆಚ್ಚು ಕಾಲ, ತಪ್ಪದೆ ಕಲಿಸಬೇಕು. ನಡುವೆ ಒಬ್ಬರು ಬಂದು ಏನಾದರೊಂದು ಆಗುವಂತೆ ಮಾಡಿದರೆ, ಅದು ಹೆದರಿಕೆಯೇ ಇರಲಿ, ಬಾಳೆಹಣ್ಣೇ ಇರಲಿ, ಪಾಠ ಅಲ್ಲಿಗೆ ಕೆಟ್ಟಿತು.

ಕೆಲಸ ಶುರುವಾಗುವುದು ಗೊರಿಲ್ಲಾದಿಂದಲ್ಲ, ಅದು ಬಿಟ್ಟುಹೋದ ಹಾಸಿಗೆಯಿಂದ. ಗೊರಿಲ್ಲಾ ಪ್ರತಿ ಸಂಜೆ ಗಿಡಬಳ್ಳಿ ಬಗ್ಗಿಸಿ ಹೊಸ ಗೂಡು ಮಾಡಿಕೊಂಡು ಮಲಗುತ್ತದೆ. ಹುಡುಕಾಳುಗಳು ಬೆಳಿಗ್ಗೆ ಹಿಂದಿನ ದಿನ ಗುಂಪು ಕಂಡ ಜಾಗಕ್ಕೆ ಹೋಗಿ, ಅಲ್ಲಿಂದ ಜಾಡು ಹಿಡಿದು ಗೂಡುಗಳನ್ನು ತಲುಪುತ್ತಾರೆ. ಪ್ರತಿ ಗೂಡಿನ ಲದ್ದಿ ನೋಡುತ್ತಾರೆ. ಉಂಡೆಯ ಅಡ್ಡಳತೆ 7.2 ಸೆಂಟಿಮೀಟರ್‌ಗಿಂತ ಹೆಚ್ಚಿದ್ದು, ಗೂಡಿನಲ್ಲಿ ಬೆಳ್ಳಿ ಬಣ್ಣದ ಕೂದಲು ಸಿಕ್ಕರೆ ಅದು ಗುಂಪಿನ ಯಜಮಾನ, ಬೆನ್ನು ಬೆಳ್ಳಗಾದ ಗಂಡು, ಮಲಗಿದ್ದ ಜಾಗ. 5.5ರಿಂದ 7.2ರವರೆಗಿನದು ದೊಡ್ಡ ಹೆಣ್ಣಿನದೋ ಬೆನ್ನು ಇನ್ನೂ ಬೆಳ್ಳಗಾಗದ ಗಂಡಿನದೋ ಆಗಿರುತ್ತದೆ. ಒಂದೇ ಗೂಡಿನಲ್ಲಿ ದೊಡ್ಡ ಉಂಡೆಯ ಪಕ್ಕ ಪುಟ್ಟ ಉಂಡೆ ಇದ್ದರೆ ತಾಯಿ ಮತ್ತು ಮರಿ. ಜಾಡಿನುದ್ದಕ್ಕೂ ಲದ್ದಿ ನೀರುನೀರಾಗಿ ಚೆಲ್ಲಿದ್ದರೆ ಗುಂಪು ಗಾಬರಿಯಿಂದ ಓಡಿದೆ ಎಂದರ್ಥ. ಅಂದು ಬೆನ್ನಟ್ಟಬಾರದು. ಬೆನ್ನಟ್ಟಿದಷ್ಟೂ ಮನುಷ್ಯ ಎಂದರೆ ಅಟ್ಟಿಸಿಕೊಂಡು ಬರುವವನು ಎಂಬುದು ಗಟ್ಟಿಯಾಗುತ್ತದೆ.

ಮೊದಮೊದಲು ಗುಂಪು ನಿಲ್ಲುವುದೇ ಇಲ್ಲ. ಆಮೇಲೆ ಯಜಮಾನ ನಿಂತು ಎದುರಿಸುತ್ತಾನೆ. 150 ಕಿಲೋಗೂ ಮೀರಿದ ಪ್ರಾಣಿ, ಕಿರುಚುತ್ತಾ ಪೊದೆ ಸೀಳಿಕೊಂಡು ನುಗ್ಗಿ ಬಂದು ಕೆಲವೇ ಮೀಟರ್ ದೂರದಲ್ಲಿ ನಿಂತುಬಿಡುತ್ತದೆ. ಇದು ಬಹುಪಾಲು ಹುಸಿ ದಾಳಿ. ಆದರೆ ಓಡಿದವನ ಬೆನ್ನು ಹತ್ತುವುದು ಹುಸಿಯಾಗಿರುವುದಿಲ್ಲ. ರೂಢಿ ಮಾಡಿಸುವ ತಂಡದವರು ಮೊಣಕಾಲು ಮಡಿಸಿ ಕುಗ್ಗಿ ಕೂರುತ್ತಾರೆ, ಕಣ್ಣು ತಗ್ಗಿಸುತ್ತಾರೆ, ಪಕ್ಕದ ಸೊಪ್ಪು ಕಿತ್ತು ಮೆಲ್ಲುವಂತೆ ಮಾಡುತ್ತಾರೆ, ಗಂಟಲೊಳಗಿಂದ ತೇಗಿನಂಥ ಉದ್ದನೆಯ 'ಹ್ಮ್ಮ್ ಹ್ಮ್ಮ್' ಎಳೆಯುತ್ತಾರೆ. ಗೊರಿಲ್ಲಾಗಳು ನೆಮ್ಮದಿಯಾಗಿ ಮೇಯುವಾಗ ತಮ್ಮೊಳಗೆ ಮಾಡಿಕೊಳ್ಳುವ ಸದ್ದು ಅದು. ಇದನ್ನು ಪ್ರವಾಸಿಗರು ಅನುಕರಿಸಬೇಡಿ ಎಂದು ಬೇಡಿಕೊಳ್ಳುತ್ತೇನೆ. ಹತ್ತಿರ ಹತ್ತಿರ ಅದೇ ಗಂಟಲಿನಿಂದ ಬರುವ, ಕೆಮ್ಮಿನಂತೆ ತುಂಡುತುಂಡಾದ 'ಹಹ್ ಹಹ್' ಗೊರಿಲ್ಲಾ ಭಾಷೆಯಲ್ಲಿ ಗದರಿಕೆ. ಅಭ್ಯಾಸ ಇಲ್ಲದವರ ಬಾಯಲ್ಲಿ ಸಮಾಧಾನ ಹೋಗಿ ಗದರಿಕೆ ಹೊರಡುತ್ತದೆ.

ದಾಳಿ ನಿಂತ ಮೇಲೆ ನೋಡುವ ಹಂತ. ಎಲೆಗಳ ಸಂದಿಯಿಂದ ಇಣುಕುತ್ತವೆ, ಎದ್ದು ನಿಂತು ನೋಡುತ್ತವೆ. ಎಲ್ಲವೂ ಒಟ್ಟಿಗೆ ರೂಢಿಯಾಗುವುದಿಲ್ಲ. ಯಜಮಾನ ಸುಮ್ಮನಾದ ಮೇಲೂ ಎಳೆಮರಿಯ ತಾಯಿ ಪೊದೆಯ ಹಿಂದೆಯೇ ಉಳಿಯಬಹುದು. ಕೊನೆಗೊಂದು ದಿನ ಯಜಮಾನ ಮನುಷ್ಯರಿಗೆ ಬೆನ್ನು ತಿರುಗಿಸಿ ಕೂತು ದಂಟಿನ ಸಿಪ್ಪೆ ಸುಲಿಯುತ್ತಾನೆ. ಇಷ್ಟು ವರ್ಷ ದುಡಿದದ್ದು ಆ ಬೆನ್ನಿಗಾಗಿ. ಇಷ್ಟು ದೂರ ಬಂದ ಪ್ರವಾಸಿಗ ಮಾತ್ರ "ಅಯ್ಯೋ, ಮುಖವನ್ನೇ ತೋರಿಸಲಿಲ್ಲ" ಎಂದು ಕೊರಗುತ್ತಾನೆ.

ಈ ಕೆಲಸ ನಡೆಯುತ್ತಿರುವಾಗಲೇ ಹೋಗಿ ನೋಡಲು ಬ್ವಿಂಡಿಯ ದಕ್ಷಿಣ ಭಾಗದ ರುಶಾಗಾದಲ್ಲಿ ಅವಕಾಶವಿದೆ. ಸಾಮಾನ್ಯ ಭೇಟಿಯಲ್ಲಿ ಪೂರ್ತಿ ರೂಢಿಯಾದ ಗುಂಪಿನ ಬಳಿ 8 ಜನ, 1 ಗಂಟೆ. ವಿದೇಶಿಯರಿಗೆ ಅದರ ಪರ್ಮಿಟ್ 800 ಡಾಲರ್. ರೂಢಿಯಾಗುತ್ತಿರುವ ಗುಂಪಿನ ಬಳಿ 4 ಜನ, 4 ಗಂಟೆ, ದರ ಹೆಚ್ಚುಕಡಿಮೆ ಎರಡು ಪಟ್ಟು. ಎರಡಕ್ಕೂ ಕನಿಷ್ಠ ವಯಸ್ಸು 15. ಹೆಚ್ಚು ದುಡ್ಡು ಕೊಟ್ಟರೆ ಹೆಚ್ಚು ಹತ್ತಿರದಿಂದ ನೋಡಬಹುದು ಎಂದು ಬಹಳ ಜನ ಲೆಕ್ಕ ಹಾಕುತ್ತಾರೆ. ಆಗುವುದು ಅದರ ತಿರುಗುಮುರುಗು. ಈ ಗುಂಪು ಇನ್ನೂ ಅಂಜುತ್ತಿರುತ್ತದೆ. ನಾಲ್ಕು ಗಂಟೆಯ ಬಹುಭಾಗ ಪೊದೆ ಅಲ್ಲಾಡುವುದನ್ನು ನೋಡುತ್ತಾ, ಇಳಿಜಾರಿನಲ್ಲಿ ಹತ್ತಿ ಇಳಿದು ಹಿಂದೆ ನಡೆಯುವುದರಲ್ಲೇ ಕಳೆಯಬಹುದು. ಒಳ್ಳೆಯ ಫೋಟೊ ಮುಖ್ಯ ಎನ್ನುವವರು, ಮಂಡಿನೋವು ಇರುವವರು ಒಂದು ಗಂಟೆಯ ಭೇಟಿಯನ್ನೇ ಆರಿಸಿಕೊಳ್ಳಿ. ಕೆಲಸ ಹೇಗೆ ನಡೆಯುತ್ತದೆ ಎಂದು ನೋಡುವ ತಾಳ್ಮೆ ಇರುವವರಿಗೆ ನಾಲ್ಕು ಗಂಟೆಯದು.

ಹತ್ತಿರವಾದಾಗ ಹುಡುಕಾಳುಗಳು ಸನ್ನೆ ಮಾಡುತ್ತಾರೆ. ಬ್ಯಾಗು, ಊರುಗೋಲು, ತಿಂಡಿ ಎಲ್ಲವನ್ನೂ ಹೊರೆಯಾಳುಗಳ ಬಳಿ ಬಿಟ್ಟು, ಮಾಸ್ಕ್ ಹಾಕಿ, ಕ್ಯಾಮೆರಾ ಮಾತ್ರ ಹಿಡಿದು ಮುಂದೆ ಹೋಗಬೇಕು. ಫ್ಲ್ಯಾಶ್ ಮೊದಲೇ ಆಫ್ ಮಾಡಿ. ಕೆಲವು ಕ್ಯಾಮೆರಾಗಳಲ್ಲಿ ಫೋಕಸ್ ಹಿಡಿಯಲು ಒಂದು ಕೆಂಪು ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ, ಅದನ್ನೂ ಸೆಟ್ಟಿಂಗ್‌ನಲ್ಲಿ ಹುಡುಕಿ ನಿಲ್ಲಿಸಿ. ಕೈ ಚಾಚಿ ಬೆರಳು ತೋರಿಸಬೇಡಿ. ದಿಟ್ಟಿಸಿ ನೋಡುವುದು ಅವುಗಳಿಗೆ ಸವಾಲು. ಎದೆ ಬಡಿದುಕೊಂಡು ತೋರಿಸುವುದಂತೂ ಬೇಡವೇ ಬೇಡ. ಮರಿ ಕುತೂಹಲದಿಂದ ನಿಮ್ಮತ್ತ ಬಂದರೆ ತಗ್ಗಿದಂತೆಯೇ ನಿಧಾನ ಹಿಂದಕ್ಕೆ ಸರಿಯಿರಿ. ಸರಿಯಲು ಜಾಗ ಇಲ್ಲದಿದ್ದರೆ ಕೈ ಕಟ್ಟಿ, ತಲೆ ತಗ್ಗಿಸಿ ಕೂತುಬಿಡಿ. ಆ ಮರಿಯ ತಾಯಿ ಮತ್ತು ಯಜಮಾನ ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ.

ದೂರ 10 ಮೀಟರ್. ಮುಂಚೆ 7 ಇತ್ತು, ಕೋವಿಡ್ ನಂತರ ಹೆಚ್ಚಿಸಿದರು. ಇದನ್ನು ಮುರಿಸುವುದು ಮುಖ್ಯವಾಗಿ ಸೆಲ್ಫಿ. ಮೊಬೈಲಿನ ಮುಂದಿನ ಕ್ಯಾಮೆರಾದಲ್ಲಿ ಹಿಂದಿರುವ ಗೊರಿಲ್ಲಾ ಕಡಲೆಕಾಳಿನಷ್ಟು ಕಾಣುತ್ತದೆ. ಅದು ದೊಡ್ಡದಾಗಿ ಕಾಣಲಿ ಎಂದು ಜನ ಬೆನ್ನು ತಿರುಗಿಸಿಕೊಂಡೇ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಗೊರಿಲ್ಲಾದ ಕಣ್ಣಿನಿಂದ ನೋಡಿದರೆ, ಮನುಷ್ಯನೊಬ್ಬ ಏರಿ ಬರುತ್ತಿದ್ದಾನೆ. ಆಕ್ಸ್‌ಫರ್ಡ್ ಬ್ರೂಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೆಟ್ಟದ ಗೊರಿಲ್ಲಾ ಭೇಟಿಯ 858 ಇನ್‌ಸ್ಟಾಗ್ರಾಂ ಚಿತ್ರಗಳನ್ನು ಪರಿಶೀಲಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ ಶೇ 86ರಷ್ಟರಲ್ಲಿ ಜನ 4 ಮೀಟರ್ ಒಳಗೇ ಇದ್ದರು. ದಯವಿಟ್ಟು ಆ ಲೆಕ್ಕಕ್ಕೆ ನಿಮ್ಮ ಚಿತ್ರವನ್ನೂ ಸೇರಿಸಬೇಡಿ.

ದೂರದ ನಿಯಮ ನಿಮ್ಮ ಮೈಗೆ ಗಾಯವಾಗದಿರಲಿ ಎಂದಷ್ಟೇ ಅಲ್ಲ. ನಮ್ಮ ಮಲೆನಾಡಿನಲ್ಲಿ 1957ರಲ್ಲಿ ಕ್ಯಾಸನೂರು ಕಾಡಿನ ಬಳಿ ಮಂಗನ ಕಾಯಿಲೆ ಪತ್ತೆಯಾದಾಗಿನಿಂದ, ಕಾಡಿನಿಂದ ರೋಗ ಊರಿಗೆ ಬರುತ್ತದೆ ಎಂದು ಯೋಚಿಸುವುದು ನಮಗೆ ರೂಢಿ. (ಅಲ್ಲೂ ಹರಡುವುದು ಉಣುಗು, ಮಂಗವೂ ನಮ್ಮಂತೆ ಸಾಯುವ ಬಡಪಾಯಿ.) ಬ್ವಿಂಡಿಯಲ್ಲಿ ಈ ಯೋಚನೆಯನ್ನು ತಿರುಗಿಸಿಕೊಳ್ಳಬೇಕು. ಗೊರಿಲ್ಲಾದ ಡಿಎನ್‌ಎ ನಮ್ಮದಕ್ಕೆ ಸುಮಾರು ಶೇ 98ರಷ್ಟು ಹೋಲುತ್ತದೆ. ನಮ್ಮ ನೆಗಡಿ ಅದಕ್ಕೆ ಸಲೀಸಾಗಿ ಅಂಟುತ್ತದೆ, ನಮಗಿರುವ ತಡೆಶಕ್ತಿ ಅದಕ್ಕಿಲ್ಲ. 2009ರಲ್ಲಿ ರುವಾಂಡಾದ ಹಿರ್ವಾ ಗುಂಪಿನ 12 ಗೊರಿಲ್ಲಾಗಳಲ್ಲಿ 11ಕ್ಕೆ ಕೆಮ್ಮು, ಮೂಗು ಸೋರುವಿಕೆ ಬಂತು. ಒಂದು ದೊಡ್ಡ ಹೆಣ್ಣು, ಒಂದು ಮರಿ ಸತ್ತವು. ಅವುಗಳಲ್ಲಿ ಸಿಕ್ಕಿದ್ದು ಮನುಷ್ಯರ ನೆಗಡಿಯ ವೈರಸ್‌ಗಳಲ್ಲೊಂದು. ಅದಕ್ಕೂ ಮುಂಚೆ, 1996ರಲ್ಲಿ, ಬ್ವಿಂಡಿಯ ಒಂದು ಪುಟ್ಟ ಗುಂಪಿಗೆ ಕಜ್ಜಿ ಹತ್ತಿ ಕೂದಲು ಉದುರತೊಡಗಿತು. ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಜಿಕುಸೋಕಾ ಚಿಕಿತ್ಸೆ ನೀಡಿದ ಮೇಲೆ ಉಳಿದವು ಚೇತರಿಸಿಕೊಂಡವು, ಮರಿಯೊಂದು ಉಳಿಯಲಿಲ್ಲ. ಹೊಲದ ಬೆದರುಬೊಂಬೆಗೆ ತೊಡಿಸಿದ್ದ ಹಳೆ ಬಟ್ಟೆಗಳಿಂದ ಅಂಟಿರಬಹುದು ಎಂಬುದು ಆಗಿನ ಅನುಮಾನ. ಮುಟ್ಟಬೇಕೆಂದೇ ಇಲ್ಲ, ನಾವು ಬಿಟ್ಟ ವಸ್ತುವೂ ಸಾಕು. ಕಾಡಿನಲ್ಲಿ ಮಲವಿಸರ್ಜನೆ ಮಾಡಬೇಕಾಗಿ ಬಂದರೆ ಗೈಡ್‌ಗೆ ಹೇಳಿ 30 ಸೆಂಟಿಮೀಟರ್ ಆಳದ ಗುಂಡಿ ತೋಡಿಸಿ ಮುಚ್ಚಬೇಕು ಎನ್ನುವುದು ಇದೇ ಕಾರಣಕ್ಕೆ. ನಾಚಿಕೊಂಡು ಪೊದೆ ಹಿಂದೆ ಹೋಗಿ ಬರಬೇಡಿ.

ನಾಲ್ಕು ಗಂಟೆಯ ಭೇಟಿ ಆರಿಸಿಕೊಂಡರೆ ಅಷ್ಟೂ ಹೊತ್ತು ಅವುಗಳ ಬಳಿ ಉಸಿರಾಡುತ್ತೀರಿ, ಒಂದು ಗಂಟೆಯವರ ನಾಲ್ಕು ಪಟ್ಟು. ಏರುದಾರಿಯ ಬೆವರಿಗೆ ಮಾಸ್ಕ್ ಒದ್ದೆಯಾಗುತ್ತದೆ, ಒದ್ದೆ ಮಾಸ್ಕ್‌ನಿಂದ ಪ್ರಯೋಜನ ಕಡಿಮೆ. ಮೂರಾದರೂ ಒಣ ಮಾಸ್ಕ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟುಕೊಳ್ಳಿ. ಕೆಮ್ಮು ಬಂದರೆ ಮಾಸ್ಕ್ ತೆಗೆಯದೆ, ಮುಖ ಆಚೆ ತಿರುಗಿಸಿ, ಮೊಣಕೈಗೆ ಬಾಯಿ ಒತ್ತಿ ಕೆಮ್ಮಿ. ಕೆಮ್ಮುವಾಗ ಮಾಸ್ಕ್ ಕೆಳಗಿಳಿಸುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ.

ರೂಢಿ ಮಾಡಿಸುವುದಕ್ಕೆ ಇನ್ನೊಂದು ಬೆಲೆಯೂ ಇದೆ. ಮನುಷ್ಯನ ಭಯ ಹೋದ ಗೊರಿಲ್ಲಾಕ್ಕೆ ಒಳ್ಳೆಯ ಮನುಷ್ಯ, ಕೆಟ್ಟ ಮನುಷ್ಯ ಎಂಬ ಭೇದ ತಿಳಿಯುವುದಿಲ್ಲ. ಕಾಡಂಚಿನ ಬಾಳೆತೋಟಕ್ಕೆ ಇಳಿಯುತ್ತದೆ. ಹಾಗೆ ಇಳಿದವನ್ನು ಗಾಯವಾಗದಂತೆ ಕಾಡಿಗೆ ಹಿಂದಿರುಗಿಸಲೆಂದೇ ಹಳ್ಳಿಗರ ಸ್ವಯಂಸೇವಾ ತಂಡಗಳಿವೆ. 2020ರ ಜೂನ್‌ನಲ್ಲಿ ಎನ್ಕುರಿಂಗೊ ಗುಂಪಿನ ಯಜಮಾನ ರಫೀಕಿಯನ್ನು ಕಳ್ಳಬೇಟೆಗಾರನೊಬ್ಬ ಭರ್ಜಿಯಿಂದ ತಿವಿದು ಕೊಂದ. ಅವನು ಬಂದದ್ದು ಸಣ್ಣ ಪ್ರಾಣಿಗಳ ಬೇಟೆಗೆ. 17 ಗೊರಿಲ್ಲಾಗಳ ಗುಂಪು ಒಂದೇ ದಿನದಲ್ಲಿ ದಿಕ್ಕಿಲ್ಲದಂತಾಯಿತು. ಅವನಿಗೆ 11 ವರ್ಷ ಶಿಕ್ಷೆಯಾಯಿತು. ಹಾಗಾದರೆ ರೂಢಿ ಮಾಡಿಸಲೇಬಾರದೇ ಎಂದು ಕೇಳಬಹುದು. ಸುಲಭದ ಉತ್ತರ ನನ್ನಲ್ಲಿಲ್ಲ. ಪರ್ಮಿಟ್ ಹಣದಿಂದ ಕಾವಲು ನಡೆಯುತ್ತಿದೆ, ದಿನವೂ ಕಾಣುವ ಗೊರಿಲ್ಲಾಕ್ಕೆ ಉರುಳು ಬಿಗಿದರೆ ಬೇಗ ಚಿಕಿತ್ಸೆ ಸಿಗುತ್ತದೆ. ಬೆಟ್ಟದ ಗೊರಿಲ್ಲಾಗಳ ಎಣಿಕೆ 1,063ಕ್ಕೆ ಏರಿದೆ: ಉಗಾಂಡಾ, ರುವಾಂಡಾ, ಕಾಂಗೋ ಗಡಿಯ ವಿರುಂಗಾ ಬೆಟ್ಟಗಳಲ್ಲಿ 604, ಬ್ವಿಂಡಿ ಮತ್ತು ಅದಕ್ಕೆ ತಾಗಿದ ಕಾಂಗೋದ ಸರಾಂಬ್ವೆ ಕಾಡಿನಲ್ಲಿ 459. ಇದರ ಹಿಂದೆ ಈ ಕೆಲಸದ ಪಾಲು ದೊಡ್ಡದು ಎಂದು ನಂಬುತ್ತೇನೆ. ಆದರೆ ಬಿಟ್ಟುಕೊಟ್ಟ ಭಯವನ್ನು ಗೊರಿಲ್ಲಾ ಮರಳಿ ಪಡೆಯಲಾರದು. ಅದಕ್ಕೇ ಬೇಕಾದ್ದಕ್ಕಿಂತ ಒಂದು ಗೇಣೂ ಹೆಚ್ಚು ಸಲಿಗೆ ಬೆಳೆಸಬಾರದು ಎಂದು ಇಷ್ಟು ಒತ್ತಿ ಹೇಳುತ್ತಿರುವುದು.

ಉಳಿದ ತಯಾರಿ ಸರಳ. ಪ್ಯಾಂಟಿನ ಕೊನೆಯನ್ನು ಉದ್ದ ಸಾಕ್ಸ್ ಒಳಗೆ ತೂರಿಸಿ, ಇರುವೆಗಳ ಸಾಲು ಕಾಲಿಗೆ ಹತ್ತುತ್ತದೆ. ಚುರುಗುಟ್ಟಿಸುವ ಎಲೆಗಳಿಂದ ಪಾರಾಗಲು ದಪ್ಪ ಕೈಗವಸು. ಯಾವ ತಿಂಗಳಾದರೂ ಮಳೆ ಕೋಟು. ಸೆಂಟು ಬೇಡ. ಒಬ್ಬ ಹೊರೆಯಾಳನ್ನು ಖಂಡಿತ ಗೊತ್ತುಮಾಡಿಕೊಳ್ಳಿ. ಜಾರುವ ಇಳಿಜಾರಿನಲ್ಲಿ ಅವರ ಕೈಯೇ ಆಸರೆ, ಊರಿನವರಿಗೆ ನೇರ ದುಡಿಮೆಯೂ ಹೌದು. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಬೇಕು. ಲಸಿಕೆಯ ಕಾರ್ಡ್ ಇಲ್ಲದೆ ಭಾರತಕ್ಕೆ ಮರಳಿದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಭೇಟಿಯ ದಿನ ಬೆಳಿಗ್ಗೆ ಗಂಟಲು ಕೆರೆಯುತ್ತಿದ್ದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಮಾತ್ರೆಯಿಂದ ಜ್ವರ ಇಳಿಯುತ್ತದೆ, ವೈರಸ್ ಇಳಿಯುವುದಿಲ್ಲ. ಹೊರಡುವ ಮುನ್ನವೇ ರೇಂಜರ್‌ಗೆ ತಿಳಿಸಿ. ಹಾಗೆ ಹಿಂದುಳಿದರೆ ಪರ್ಮಿಟ್ ಹಣದಲ್ಲಿ ಎಷ್ಟು ವಾಪಸ್ ಬರುತ್ತದೆ, ದಿನ ಬದಲಿಸಿಕೊಡುತ್ತಾರೆಯೇ ಎಂಬುದನ್ನು ಟೂರ್ ಕಂಪನಿಯವರಿಂದ ಬುಕಿಂಗ್ ಹೊತ್ತಿಗೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಆ ಕಾಗದ ಕೈಯಲ್ಲಿದ್ದರೆ, ಆ ಬೆಳಿಗ್ಗೆ ನಿಜ ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ.