ಇದ್ದಿಲಿನಲ್ಲಿ ತೂತು ಜಾಸ್ತಿ ಇದ್ದರೆ ಬ್ಯಾಟರಿಗೆ ಲಾಭವಿಲ್ಲ

ತೆಂಗಿನ ಚಿಪ್ಪು, ಭತ್ತದ ಹೊಟ್ಟು, ಮರದ ಪುಡಿ ಸುಟ್ಟು ಸೋಡಿಯಂ ಬ್ಯಾಟರಿಗೆ ಆನೋಡ್ (ಚಾರ್ಜ್ ಮಾಡುವಾಗ ಸೋಡಿಯಂ ಬಂದು ಕೂರುವ ತುದಿ) ಮಾಡ್ತೀವಿ ಅಂತ ಬರುವವರನ್ನು ಕಂಡರೆ ನನಗೆ ನಿಜಕ್ಕೂ ಖುಷಿ. ಗ್ರಾಫೈಟ್‌ನೊಳಗೆ ಲಿಥಿಯಂ ಕೂರುವ ಹಾಗೆ ಸೋಡಿಯಂ ಕೂರುವುದಿಲ್ಲ, ಹಾಗಾಗಿ ಹಾರ್ಡ್ ಕಾರ್ಬನ್, ಅಂದರೆ ಪದರಗಳು ಅಡ್ಡಾದಿಡ್ಡಿಯಾಗಿರುವ ಕಾರ್ಬನ್, ಬೇಕೇ ಬೇಕು, ಅದು ಗಿಡಮರಗಳಿಂದ ಚೆನ್ನಾಗಿಯೇ ಬರುತ್ತದೆ. ಆದರೆ ಬಂದವರು ಮೊದಲು ಹೇಳುವುದು ಒಂದೇ ಮಾತು: "ನಮ್ಮ ಇದ್ದಿಲಿಗೆ ಗ್ರಾಂಗೆ 2000 ಚದರ ಮೀಟರ್ ಮೇಲ್ಮೈ ಇದೆ." ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ.

ತೂತು ಜಾಸ್ತಿಯಾದಷ್ಟೂ ಮೇಲ್ಮೈ ಜಾಸ್ತಿ. ಅದು ನೀರು ಶುದ್ಧ ಮಾಡಲು ಒಳ್ಳೆಯದು, ಮೇಲ್ಮೈಯಲ್ಲೇ ಚಾರ್ಜ್ ಹಿಡಿದಿಡುವ ಸೂಪರ್‌ಕೆಪಾಸಿಟರ್‌ಗೂ ಸರಿ. ಬ್ಯಾಟರಿಗಲ್ಲ.

ಮೊದಲ ಸಲ ಚಾರ್ಜ್ ಮಾಡುವಾಗ ಎಲೆಕ್ಟ್ರೋಲೈಟ್ (ಎರಡು ತುದಿಗಳ ನಡುವೆ ಸೋಡಿಯಂ ಸಾಗಿಸುವ ದ್ರವ) ಕಾರ್ಬನ್‌ಗೆ ತಾಗಿದ ಕಡೆಯೆಲ್ಲ ಒಡೆದು ತೆಳುವಾದ ಪೊರೆ ಕಟ್ಟುತ್ತದೆ. ಪೊರೆ ಬೇಕು. ಆದರೆ ಅದಕ್ಕೆ ಹೋದ ಸೋಡಿಯಂ ವಾಪಸ್ ಬರುವುದಿಲ್ಲ. ಮೇಲ್ಮೈ ಜಾಸ್ತಿಯಾದಷ್ಟೂ ಪೊರೆ ಜಾಸ್ತಿ, ನಷ್ಟವೂ ಜಾಸ್ತಿ. ನಿಜವಾದ ಬ್ಯಾಟರಿಯಲ್ಲಿ ಇರುವುದು ಎದುರಿನ ತುದಿಯಾದ ಕ್ಯಾಥೋಡ್ ಕೊಟ್ಟಷ್ಟೇ ಸೋಡಿಯಂ, ಅಲ್ವಾ? ಬೇಕಾದದ್ದು ಒಳಗೇ ಮುಚ್ಚಿಹೋದ ಸಣ್ಣ ತೂತು. ಅಲ್ಲಿಗೆ ಎಲೆಕ್ಟ್ರೋಲೈಟ್ ನುಗ್ಗುವುದಿಲ್ಲ, ಸೋಡಿಯಂ ಮಾತ್ರ ಹೋಗಿ ಸೇರಿಕೊಳ್ಳುತ್ತದೆ. ಹೊರಗೆ ಬಾಯಿ ತೆರೆದ ತೂತು ಬೇರೆ, ಇದು ಬೇರೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ!

ಒಬ್ಬ ಹುಡುಗಿ ಚಿಪ್ಪಿನ ಇದ್ದಿಲನ್ನು ತೂತು ಹೆಚ್ಚಿಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸುಟ್ಟು ತಂದಿದ್ದಳು. ಪುಡಿ ಹಗುರ, ಉಸಿರು ಬಿಟ್ಟರೆ ಹಾರುತ್ತಿತ್ತು. ಅಂಟಿನ ಜೊತೆ ಕಲಸಿದರೆ ನೀರನ್ನೆಲ್ಲ ಹೀರಿಕೊಂಡಿತು. ಅಲ್ಯೂಮಿನಿಯಂ ಹಾಳೆ ಮೇಲೆ ಬಳಿದದ್ದು ಒಣಗುವಾಗ ಕೆರೆಯಂಗಳದ ಹಾಗೆ ಬಿರಿಯಿತು. ಅವಳ ಗ್ರಾಫ್ ಮಾತ್ರ ಸುಂದರವಾಗಿತ್ತು, ಏಕೆಂದರೆ ಅದು ಚಾರ್ಜ್-ಡಿಸ್ಚಾರ್ಜ್‌ನ ಎರಡನೇ ಸುತ್ತಿನಿಂದ ಶುರುವಾಗಿತ್ತು! ಮೊದಲ ಸುತ್ತನ್ನು ತೋರಿಸು ಅಂದೆ. ಒಳಗೆ ಹೋದ ಸೋಡಿಯಂನಲ್ಲಿ ಅರ್ಧವೂ ಹೊರಗೆ ಬಂದಿರಲಿಲ್ಲ. ಅವಳ ಪರೀಕ್ಷೆಯ ಸೆಲ್‌ನಲ್ಲಿ ಕ್ಯಾಥೋಡ್ ಬದಲು ಬೇಕಾದಷ್ಟು ಸೋಡಿಯಂ ಕೊಡುವ ಲೋಹದ ಬಿಲ್ಲೆ ಇದ್ದುದರಿಂದ ಕೊರತೆ ಕಾಣಿಸಿರಲಿಲ್ಲ, ಅಷ್ಟೇ. ಮೋಸ ಮಾಡುವ ಹುಡುಗಿಯಲ್ಲ ಅವಳು. ಹಾಗೇ ಮಾಡಬೇಕು ಅಂತ ಯಾರೋ ಹೇಳಿಕೊಟ್ಟಿದ್ದರು.

ಅದೇ ಚಿಪ್ಪನ್ನು ಹೈಡ್ರಾಕ್ಸೈಡ್ ಇಲ್ಲದೆ, ಆಸಿಡ್‌ನಲ್ಲಿ ತೊಳೆದು ಬೂದಿಯ ಅಂಶ ತೆಗೆದು, ಆರ್ಗಾನ್‌ನಲ್ಲಿ 1300 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟೆವು. ಮೇಲ್ಮೈ ಗ್ರಾಂಗೆ 10 ಚದರ ಮೀಟರ್‌ಗಿಂತ ಕೆಳಗೆ ಬಂತು. ಅವಳ ಮುಖ ಸಪ್ಪಗಾಯಿತು. ಎಲ್ಲ ಗಿಡಕ್ಕೂ ಇದೇ ಶಾಖ ಅಂತ ನಾನು ಹೇಳುವುದಿಲ್ಲ, ತೀರಾ ಜಾಸ್ತಿ ಸುಟ್ಟರೆ ಪದರಗಳು ಹತ್ತಿರವಾಗಿ ಸೋಡಿಯಂಗೆ ಜಾಗ ಕಡಿಮೆಯಾಗಬಹುದು. ಒಂದೊಂದು ಕಚ್ಚಾವಸ್ತುವನ್ನೂ ಸುಟ್ಟೇ ನೋಡಬೇಕು. ವಾರದ ನಂತರ ಅವಳೇ ಓಡಿ ಬಂದಳು, ಫೋನಿನಲ್ಲಿ ಗ್ರಾಫ್ ತೆರೆದುಕೊಂಡು. ಈ ಸಲ ಮೊದಲ ಸುತ್ತಿನಿಂದಲೇ ಶುರುವಾಗಿತ್ತು.