ಒಂದೇ ಪ್ಲಗಿನ್ ವಿಮ್‌ನಲ್ಲೂ ನಿಯೋವಿಮ್‌ನಲ್ಲೂ ಓಡಬೇಕು, ಎರಡು ಪ್ರತಿ ಇಡಬೇಕಾ?

ಪ್ರಶ್ನೆ: ವಿಮ್ ಎಂಬ ಟೆಕ್ಸ್ಟ್ ಎಡಿಟರ್‌ಗೆ ಒಂದು ಪ್ಲಗಿನ್ (ಎಡಿಟರ್‌ಗೆ ಹೊಸ ಸೌಲಭ್ಯ ಸೇರಿಸುವ ಚಿಕ್ಕ ಪ್ರೋಗ್ರಾಂ) ಬರೆದಿದ್ದೇನೆ. ಫೈಲ್ ಸೇವ್ ಮಾಡಿದ ಕೂಡಲೇ ಹೊರಗಿನ ಚೆಕ್ಕರ್ ಒಂದನ್ನು ಓಡಿಸಿ, ತಪ್ಪಿರುವ ಸಾಲುಗಳನ್ನು ತೋರಿಸುತ್ತದೆ. ಈಗ ನಿಯೋವಿಮ್ ಬಳಸುವವರೂ ಕೇಳುತ್ತಿದ್ದಾರೆ. ಎರಡಕ್ಕೂ ಬೇರೆ ಬೇರೆ ಪ್ರತಿ ಇಟ್ಟುಕೊಳ್ಳಬೇಕಾ?

ಬೇಡ. ಒಂದೇ ಪ್ರತಿ ಸಾಕು. ಎರಡು ಇಟ್ಟರೆ ಶುರುವಿನಲ್ಲಿ ಸುಲಭ ಅನಿಸುತ್ತದೆ. ಆಮೇಲೆ ಒಂದರಲ್ಲಿ ಸರಿಮಾಡಿದ ಬಗ್ ಇನ್ನೊಂದರಲ್ಲಿ ಹಾಗೇ ಉಳಿದುಬಿಡುತ್ತದೆ. ಯಾವುದರಲ್ಲಿ ಏನು ಸರಿಯಾಗಿದೆ ಅಂತ ಬರೆದವರಿಗೇ ಮರೆತುಹೋಗುತ್ತದೆ.

ನಿಯೋವಿಮ್ ಮೊದಲಿಂದ ಬರೆದ ಹೊಸ ಎಡಿಟರ್ ಅಲ್ಲ, ಅಲ್ವಾ? ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್‌ನ ಕೋಡನ್ನೇ ಹಿಡಿದುಕೊಂಡು 2014ರಲ್ಲಿ ಶುರುವಾದ ಕವಲು ಅದು. ಹಾಗಾಗಿ ವಿಮ್‌ನದೇ ಭಾಷೆಯಾದ ಹಳೆಯ ವಿಮ್‌ಸ್ಕ್ರಿಪ್ಟ್ ಬಹುಪಾಲು ಎರಡರಲ್ಲೂ ಓಡುತ್ತದೆ. ಕೀ ಮ್ಯಾಪಿಂಗ್, ಆಟೋಕಮಾಂಡ್ (ಸೇವ್‌ನಂಥ ಘಟನೆ ಆದಾಗ ತಾನಾಗಿ ಓಡುವ ಆದೇಶ), ಕ್ವಿಕ್‌ಫಿಕ್ಸ್ ಪಟ್ಟಿ (ತಪ್ಪಿರುವ ಸಾಲುಗಳ ಪಟ್ಟಿ), ಇವುಗಳ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ತೊಂದರೆ ಬರುವುದು ಕವಲೊಡೆದ ಮೇಲೆ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಸೇರಿಸಿದ ಭಾಗಗಳಲ್ಲಿ.

ನಿಮ್ಮ ಪ್ಲಗಿನ್‌ಗೆ ತಾಗುವುದು ಅದರಲ್ಲಿ ಮೊದಲನೆಯದು: ಹಿನ್ನೆಲೆಯಲ್ಲಿ ಪ್ರೋಗ್ರಾಂ ಓಡಿಸುವುದು. ನಿಯೋವಿಮ್‌ನಲ್ಲಿ ಇದಕ್ಕೆ ಜಾಬ್‌ಸ್ಟಾರ್ಟ್ ಎಂಬ ಫಂಕ್ಷನ್ ಇದೆ. 2016ರಲ್ಲಿ ಬಂದ ವಿಮ್ 8ರಲ್ಲಿ ಅದೇ ಹೆಸರಿನ ನಡುವೆ ಒಂದು ಅಂಡರ್‌ಸ್ಕೋರ್. ಬರೀ ಹೆಸರು ಬೇರೆಯಾಗಿದ್ದರೆ ಐದು ನಿಮಿಷದ ಕೆಲಸ. ಆದರೆ ನಡತೆಯೇ ಬೇರೆ.

ವಿಮ್ ತಾನಾಗಿಯೇ ಔಟ್‌ಪುಟ್ಟನ್ನು ಸಾಲು ಸಾಲಾಗಿ ಕತ್ತರಿಸಿ ಕೊಡುತ್ತದೆ. ನಿಯೋವಿಮ್ ಬಂದಷ್ಟನ್ನು ತುಂಡಾಗಿ, ಒಂದು ಪಟ್ಟಿಯ ರೂಪದಲ್ಲಿ ಕೊಡುತ್ತದೆ. ಆ ಪಟ್ಟಿಯ ಕೊನೆಯ ಸಾಲು ಅರ್ಧವೇ ಇರಬಹುದು. ಉಳಿದರ್ಧ ಮುಂದಿನ ತುಂಡಿನ ಮೊದಲಿಗೆ ಬರುತ್ತದೆ. ಎರಡನ್ನೂ ಜೋಡಿಸುವ ಕೆಲಸ ನಿಮ್ಮದು. ನನ್ನ ಒಂದು ಪ್ಲಗಿನ್ ಇದೇ ಕಾರಣಕ್ಕೆ ವಾರಗಟ್ಟಲೆ ಕಾಡಿತ್ತು. ಚಿಕ್ಕ ಫೈಲ್‌ಗಳಲ್ಲಿ ಎಲ್ಲ ಸರಿ. ದೊಡ್ಡ ಫೈಲ್ ತೆರೆದರೆ ಫೈಲಿನ ಹೆಸರೇ ನಡುವೆ ತುಂಡಾಗಿ, ಇಲ್ಲದ ಫೈಲಿನಲ್ಲಿ ತಪ್ಪಿದೆ ಎಂದು ತೋರಿಸುತ್ತಿತ್ತು.

ವಿಮ್ ಕಡೆಯೂ ಒಂದು ಗುಂಡಿ ಇದೆ. ಪ್ರೋಗ್ರಾಂ ಮುಗಿಯಿತು ಅಂತ ಎಕ್ಸಿಟ್ ಕಾಲ್‌ಬ್ಯಾಕ್ (ಮುಗಿದಾಗ ಎಡಿಟರ್ ತಾನೇ ಕರೆಯುವ ನಿಮ್ಮ ಫಂಕ್ಷನ್) ಹೇಳಿದ ಮೇಲೂ, ಬಫರ್‌ನಲ್ಲಿ ಉಳಿದ ಸಾಲುಗಳು ಬರುತ್ತಿರಬಹುದು. ಅಲ್ಲಿಗೇ ಲೆಕ್ಕ ಮುಗಿಸಿದರೆ ಕೊನೆಯ ತಪ್ಪುಗಳು ಕಾಣೆ. ಔಟ್‌ಪುಟ್ ಬರುವ ದಾರಿ, ಅಂದರೆ ಚಾನೆಲ್, ಮುಚ್ಚಿತು ಅಂತ ಹೇಳುವ ಕ್ಲೋಸ್ ಕಾಲ್‌ಬ್ಯಾಕ್‌ಗೂ ಕಾಯಬೇಕು. ಎರಡರಲ್ಲಿ ಯಾವುದು ಮೊದಲು ಬರುತ್ತದೆ ಅಂತ ನಂಬಿ ಕೂರಬೇಡಿ.

ಆದ್ದರಿಂದ ಈ ಜಗಳವನ್ನೆಲ್ಲ ಒಂದೇ ಫೈಲಿನೊಳಗೆ ಹಾಕಿ ಬಾಗಿಲು ಮುಚ್ಚಿ. ಬೇಕಾದಾಗ ಮಾತ್ರ ಲೋಡ್ ಆಗುವ ಕೋಡ್ ಇಡುವ ಆಟೋಲೋಡ್ ಫೋಲ್ಡರ್ ಅದಕ್ಕೆ ಸರಿಯಾದ ಜಾಗ. ಆ ಫೈಲ್ ಹೊರಗಿನ ಕೋಡ್‌ಗೆ ಕೊಡುವ ಮಾತು ಒಂದೇ ಇರಲಿ: ಈ ಆದೇಶ ಓಡಿಸುತ್ತೇನೆ, ಮುಗಿದ ಮೇಲೆ ಪೂರ್ತಿ ಸಾಲುಗಳ ಪಟ್ಟಿಯನ್ನೂ ಎಕ್ಸಿಟ್ ಕೋಡನ್ನೂ (ಪ್ರೋಗ್ರಾಂ ಹೇಗೆ ಮುಗಿಯಿತು ಅಂತ ಹೇಳುವ ಸಂಖ್ಯೆ) ಕೊಡುತ್ತೇನೆ. ಉಳಿದ ಪ್ಲಗಿನ್‌ಗೆ ತಾನು ಯಾವ ಎಡಿಟರ್‌ನಲ್ಲಿದ್ದೇನೆ ಅಂತ ಗೊತ್ತಾಗುವ ಅಗತ್ಯವೇ ಇರಬಾರದು. 'ನಿಯೋವಿಮ್ ಆಗಿದ್ದರೆ' ಎಂಬ ಷರತ್ತು ಪ್ಲಗಿನ್‌ ತುಂಬ ಹರಡಿಕೊಂಡಿದ್ದರೆ, ಎರಡು ಪ್ರತಿ ಇಟ್ಟಷ್ಟೇ ಕಷ್ಟ.

ಆ ಫೈಲಿನ ಒಳಗೂ ಎಡಿಟರ್‌ನ ಹೆಸರು ಕೇಳುವುದಕ್ಕಿಂತ, ಬೇಕಾದ ಫಂಕ್ಷನ್ ಇದೆಯಾ ಅಂತ ಕೇಳುವುದು ಒಳ್ಳೆಯದು. ಎಕ್ಸಿಸ್ಟ್ಸ್ ಎಂಬ ಫಂಕ್ಷನ್ ಇರುವುದೇ ಅದಕ್ಕೆ. ನಿಯೋವಿಮ್ ತಂಡ ವಿಮ್‌ನ ಪ್ಯಾಚ್‌ಗಳನ್ನು ತನ್ನೊಳಗೆ ತಂದುಕೊಳ್ಳುತ್ತಲೇ ಇರುತ್ತದೆ. ಇವತ್ತು ಅಲ್ಲಿಲ್ಲದ ಫಂಕ್ಷನ್ ನಾಳೆ ಬರಬಹುದು. ಹೆಸರು ಒಂದೇ ಇದ್ದು ನಡತೆ ಬೇರೆ ಇರುವ ಕಡೆ ಮಾತ್ರ ಎಡಿಟರ್ ಯಾವುದು ಅಂತ ಕೇಳಲೇಬೇಕು. ಎಡಿಟರ್‌ನೊಳಗೇ ಟರ್ಮಿನಲ್ ತೆರೆಯುವ ಟರ್ಮಿನಲ್ ಕಮಾಂಡ್ ಹಾಗಿದೆ: ವಿಮ್ ಹೊಸ ವಿಂಡೋ ತೆರೆಯುತ್ತದೆ, ನಿಯೋವಿಮ್ ಈಗಿರುವ ವಿಂಡೋದಲ್ಲೇ ತೆರೆಯುತ್ತದೆ.

ತಪ್ಪಿರುವ ಜಾಗಕ್ಕೆ ಗುರುತು ಹಾಕುವುದೂ ಹೀಗೇ. ವಿಮ್‌ನಲ್ಲಿ ಟೆಕ್ಸ್ಟ್ ಪ್ರಾಪರ್ಟಿ, ನಿಯೋವಿಮ್‌ನಲ್ಲಿ ಎಕ್ಸ್‌ಟ್‌ಮಾರ್ಕ್. ಮೊದಲನೆಯದು ಸಾಲನ್ನೂ ಕಾಲಂ ಅನ್ನೂ 1ರಿಂದ ಎಣಿಸುತ್ತದೆ, ಎರಡನೆಯದು 0ಯಿಂದ. ಎರಡೂ ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಯುಟಿಎಫ್-8ರಲ್ಲಿ 'ಕ' ಒಂದಕ್ಕೇ 3 ಬೈಟ್. ಕನ್ನಡ ಕಾಮೆಂಟ್ ಇರುವ ಒಂದು ಫೈಲನ್ನು ಪರೀಕ್ಷೆಗೆ ಇಟ್ಟುಕೊಳ್ಳಿ, ಇಂಥ ತಪ್ಪುಗಳು ಬೇಗ ಸಿಗುತ್ತವೆ. (ಈ ತಾಪತ್ರಯ ಹೊಸದಲ್ಲ. 1990ರ ದಶಕದಲ್ಲಿ ಗ್ನೂ ಇಮ್ಯಾಕ್ಸ್ ಎಡಿಟರ್ ಮತ್ತು ಅದರ ಕವಲಾದ ಎಕ್ಸ್‌ಇಮ್ಯಾಕ್ಸ್ ಎರಡಕ್ಕೂ ಬರೆದವರು, ಮೊದಲನೆಯದರ ಗುರುತಾದ ಓವರ್‌ಲೇ ಮತ್ತು ಎರಡನೆಯದರ ಗುರುತಾದ ಎಕ್ಸ್‌ಟೆಂಟ್ ನಡುವೆ ಹೀಗೇ ಸೇತುವೆ ಕಟ್ಟುತ್ತಿದ್ದರು.)

ಭಾಷೆ ಯಾವುದು? ಎರಡೂ ಕಡೆ ಓಡಬೇಕೆಂದರೆ ಹಳೆಯ ವಿಮ್‌ಸ್ಕ್ರಿಪ್ಟೇ. 2022ರಲ್ಲಿ ವಿಮ್ 9ರ ಜೊತೆ ಬಂದ ವಿಮ್9 ಸ್ಕ್ರಿಪ್ಟ್ ವೇಗವಾಗಿದೆ, ಆದರೆ ನಿಯೋವಿಮ್‌ನಲ್ಲಿ ಓಡುವುದಿಲ್ಲ. ಲುವಾ ಎಂಬ ಇನ್ನೊಂದು ಭಾಷೆ ನಿಯೋವಿಮ್‌ನಲ್ಲಿ ಸದಾ ಇರುತ್ತದೆ. ವಿಮ್‌ನಲ್ಲಿ ಕಂಪೈಲ್ ಮಾಡುವಾಗ ಸೇರಿಸಿದ್ದರೆ ಮಾತ್ರ.

ಪರೀಕ್ಷೆಯನ್ನು ಎರಡೂ ಎಡಿಟರ್‌ನಲ್ಲಿ ಮಾಡಿ. ನೀವು ಒಪ್ಪಿಕೊಂಡ ಅತಿ ಹಳೆಯ ಆವೃತ್ತಿಯಲ್ಲೂ ಈಗಿನ ಆವೃತ್ತಿಯಲ್ಲೂ, ನಿಮ್ಮ ಸ್ವಂತ ಸೆಟ್ಟಿಂಗ್ ಇಲ್ಲದೆ. ಆ ಅತಿ ಹಳೆಯ ಆವೃತ್ತಿ ಯಾವುದು ಅಂತ ರೀಡ್‌ಮಿ ಫೈಲಿನ ಮೊದಲ ಸಾಲುಗಳಲ್ಲೇ ಬರೆಯಿರಿ. ಎರಡರಲ್ಲಿ ಒಂದನ್ನು ನೀವು ದಿನವೂ ಬಳಸುವುದಿಲ್ಲವಾದರೆ, ಅದನ್ನು ದಿನವೂ ಬಳಸುವ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ನಿಯೋವಿಮ್ ಬೇಕು ಅಂತ ಈಗ ಕೇಳುತ್ತಿರುವವರಲ್ಲೇ ಯಾರಾದರೂ ಒಪ್ಪಬಹುದು, ಕೇಳಿ ನೋಡಿ.