ಆಯುಷ್ಮಾನ್ ಬೋರ್ಡಿನ ಹಿಂದಿರುವ ಫೈಲು

ಹಾವೇರಿ ಕಡೆಯ ಒಂದು ನರ್ಸಿಂಗ್ ಹೋಮ್. ಅಲ್ಲಿನ ಫೈಲುಗಳನ್ನು ಸರಿ ಮಾಡಿಕೊಡಲು ಹೋಗಿದ್ದೆ. ಬೆಳಗ್ಗೆ ಹತ್ತರ ಹೊತ್ತಿಗೆ ಎಪ್ಪತ್ತು ದಾಟಿದ ಅಜ್ಜನೊಬ್ಬನನ್ನು ಟೆಂಪೋದಲ್ಲಿ ತಂದರು. ಹೊಲದ ಬದುವಿನಲ್ಲಿ ಕಾಲು ಜಾರಿ ತೊಡೆಯ ಮೂಳೆ ಮುರಿದಿತ್ತು. ಸೊಸೆಯ ಕೈಯಲ್ಲಿ ಬಿಪಿಎಲ್ ಕಾರ್ಡ್ ಇತ್ತು. ತಾಲ್ಲೂಕು ಆಸ್ಪತ್ರೆಯವರು ಬರೆದುಕೊಟ್ಟ ರೆಫರಲ್ ಚೀಟಿಯೂ ಇತ್ತು. ಬಾಗಿಲಲ್ಲೇ ಆಯುಷ್ಮಾನ್ ಬೋರ್ಡ್ ಇತ್ತು. ಆದರೆ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರ ಹುಡುಗಿ ಕಂಪ್ಯೂಟರ್ ನೋಡಿ, "ಇಲ್ಲಿ ಎಲುಬಿನ ಆಪರೇಷನ್‌ಗೆ ಕಾರ್ಡ್ ನಡೆಯಂಗಿಲ್ರಿ ಅಕ್ಕಾ" ಎಂದಳು. ಆ ಹೆಣ್ಣುಮಗಳು ಬೋರ್ಡ್ ಕಡೆ ಕೈ ತೋರಿಸಿ, "ಮತ್ತ ಇದನ್ಯಾಕ ಹಾಕೀರಿ?" ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ.

ಉತ್ತರ ಫೈಲಿನಲ್ಲಿತ್ತು. ಯೋಜನೆಗೆ ಸೇರುವಾಗ ಆ ಆಸ್ಪತ್ರೆ ಕೊಟ್ಟಿದ್ದ ಎಲುಬಿನ ಡಾಕ್ಟರ ಹೆಸರು ಒಂದು. ಅವರು ಮೂರು ತಿಂಗಳ ಹಿಂದೆ ದಾವಣಗೆರೆಗೆ ಹೋಗಿದ್ದರು. ಅವರ ಜಾಗಕ್ಕೆ ಬಂದವರು ಒಳ್ಳೆಯ ಸರ್ಜನ್. ದಿನವೂ ಆಪರೇಷನ್ ಮಾಡುತ್ತಿದ್ದರು. ಆದರೆ ಅವರ ಡಿಗ್ರಿ ಪ್ರಮಾಣಪತ್ರವನ್ನಾಗಲಿ ಮೆಡಿಕಲ್ ಕೌನ್ಸಿಲ್ ನೋಂದಣಿಯನ್ನಾಗಲಿ ಯಾರೂ ಯೋಜನೆಯ ಪೋರ್ಟಲ್‌ಗೆ (ವೆಬ್‌ಸೈಟಿಗೆ) ಹಾಕಿರಲಿಲ್ಲ. ಅರ್ಧ ಗಂಟೆಯ ಕೆಲಸ. ಅಷ್ಟು ಮಾಡದ್ದಕ್ಕೆ ಆ ಅಜ್ಜ ಅದೇ ನೋವಿನಲ್ಲಿ ಮತ್ತೆ ಗಾಡಿ ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾಯಿತು.

ಇಪ್ಪತ್ತು ವರ್ಷದಿಂದ ಆಸ್ಪತ್ರೆ ಆಡಳಿತದಲ್ಲಿದ್ದೇನೆ. ಈಗ ಹೆಚ್ಚಾಗಿ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಸರ್ಕಾರಿ ಆರೋಗ್ಯ ಯೋಜನೆಗಳಿಗೆ ಸೇರಲು ನೆರವಾಗುತ್ತೇನೆ. ಇದಕ್ಕೆ ನಾವೆಲ್ಲ ಎಂಪ್ಯಾನೆಲ್‌ಮೆಂಟ್ ಎನ್ನುತ್ತೇವೆ. ಇದರ ಬಗ್ಗೆ ಆಸ್ಪತ್ರೆ ನಡೆಸುವವರಲ್ಲೂ ರೋಗಿಗಳ ಮನೆಯವರಲ್ಲೂ ಒಂದೇ ತಪ್ಪು ತಿಳಿವಳಿಕೆ ಇದೆ. ಆಸ್ಪತ್ರೆ ಒಮ್ಮೆ ಸೇರಿದರೆ ಮುಗಿಯಿತು, ಕಟ್ಟಡಕ್ಕೆ ಮುದ್ರೆ ಬಿದ್ದ ಹಾಗೆ ಎಂದು ಇಬ್ಬರೂ ಅಂದುಕೊಂಡಿದ್ದಾರೆ. ಆದರೆ ಯೋಜನೆ ಒಪ್ಪಿಕೊಳ್ಳುವುದು ಒಂದೊಂದು ವಿಭಾಗವನ್ನು. ಆ ವಿಭಾಗ ನಿಂತಿರುವುದು ಹೆಸರು ಹೇಳಬಹುದಾದ ಒಬ್ಬ ಡಾಕ್ಟರ್, ಒಂದು ಆಪರೇಷನ್ ಥಿಯೇಟರ್, ಮತ್ತು ತಾರೀಖು ಮೀರದ ಒಂದಷ್ಟು ಪರವಾನಗಿಗಳ ಮೇಲೆ. ಇವುಗಳಲ್ಲಿ ಯಾವುದು ಕಳಚಿದರೂ ಕಾರ್ಡ್ ಹಿಡಿದು ಬಂದವರಿಗೆ ಬಾಗಿಲು ಮುಚ್ಚುತ್ತದೆ.

ನಮ್ಮ ರಾಜ್ಯದಲ್ಲಿ ಈ ಕೆಲಸ ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ರಾಜ್ಯದ ಹಳೆಯ ಯೋಜನೆ ವಾಜಪೇಯಿ ಆರೋಗ್ಯಶ್ರೀ ಕಾಲದಿಂದಲೂ ಖಾಸಗಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿರುವುದು ಇದೇ ಟ್ರಸ್ಟ್. 2018ರ ಮಾರ್ಚ್‌ನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಆಯುಷ್ಮಾನ್ ಭಾರತ್ ಬಂತು. ಅಕ್ಟೋಬರ್ ಕೊನೆಗೆ ಎರಡೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಎಂದರೆ ಒಂದೊಂದು ಚಿಕಿತ್ಸೆಗೆ ಮೊದಲೇ ಗೊತ್ತುಮಾಡಿದ ದರದ, ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ದೇಶದ ಮಟ್ಟದ ನಿಯಮಗಳನ್ನು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಮಾಡುತ್ತದೆ. ರಾಜ್ಯಗಳು ತಮಗೆ ತಕ್ಕಂತೆ ಅದನ್ನು ಸ್ವಲ್ಪ ಹೊಂದಿಸಿಕೊಳ್ಳುತ್ತವೆ.

ಸರ್ಕಾರಿ ಆಸ್ಪತ್ರೆಗಳಿಗೆ ಈ ಪರೀಕ್ಷೆ ಇಲ್ಲ. ಒಳರೋಗಿಗಳನ್ನು ನೋಡಿಕೊಳ್ಳುವ ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳೂ ತಾವಾಗಿಯೇ ಯೋಜನೆಯಲ್ಲಿ ಇದ್ದಂತೆ. ಖಾಸಗಿಯವರು ಅರ್ಜಿ ಹಾಕಬೇಕು. ಜಿಲ್ಲಾ ಸಮಿತಿ ಸ್ಥಳಕ್ಕೆ ಬಂದು ನೋಡುತ್ತದೆ, ರಾಜ್ಯ ಸಮಿತಿ ತೀರ್ಮಾನ ಮಾಡುತ್ತದೆ.

ಕನಿಷ್ಠ ಎಷ್ಟು ಇರಬೇಕು? ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 10 ಹಾಸಿಗೆ. ಕಣ್ಣಿನ ಆಸ್ಪತ್ರೆ, ಕಿವಿ-ಮೂಗು-ಗಂಟಲಿನ ಆಸ್ಪತ್ರೆಯಂಥ ಒಂದೇ ವಿಭಾಗದವರಿಗೆ ಇದರಲ್ಲಿ ವಿನಾಯಿತಿ ಕೊಡಬಹುದು. ಜನರಲ್ ವಾರ್ಡಿನಲ್ಲಿ ಒಂದು ಹಾಸಿಗೆಗೆ 80 ಚದರ ಅಡಿ ಜಾಗ. ಹಗಲು ರಾತ್ರಿ ಡಾಕ್ಟರ್ ಮತ್ತು ನರ್ಸ್. ಜನರೇಟರ್, ಕುಡಿಯುವ ನೀರು, ಬೆಂಕಿಯಿಂದ ರಕ್ಷಣೆ. ಲ್ಯಾಬ್, ಔಷಧ ಅಂಗಡಿ, ರಕ್ತನಿಧಿ ಸ್ವಂತದ್ದಿರಬೇಕು ಎಂದೇನಿಲ್ಲ, ಹೊರಗಿನವರ ಜೊತೆ ಲಿಖಿತ ಒಪ್ಪಂದ ಇದ್ದರೂ ಸಾಕು. ಆಂಬುಲೆನ್ಸ್‌ಗೂ ಹಾಗೆಯೇ. ರಿಸೆಪ್ಷನ್ ಹತ್ತಿರ ಯೋಜನೆಯ ರೋಗಿಗಳಿಗಾಗಿ ಪ್ರತ್ಯೇಕ ಕೌಂಟರ್ ಬೇಕು, ಅವರ ಕೆಲಸಕ್ಕೆಂದೇ ಒಬ್ಬ ಡಾಕ್ಟರನ್ನು ಸಂಯೋಜಕರಾಗಿ ನೇಮಿಸಬೇಕು.

ಇದರಲ್ಲಿ "ಹಗಲು ರಾತ್ರಿ ಡಾಕ್ಟರ್" ಎನ್ನುವ ಎರಡು-ಮೂರು ಪದವೇ ಸಣ್ಣ ಆಸ್ಪತ್ರೆಗಳಿಗೆ ದೊಡ್ಡ ಬೆಟ್ಟ. ಹಾಸಿಗೆ ಕೊಳ್ಳಬಹುದು, ಜನರೇಟರ್ ಕೊಳ್ಳಬಹುದು. ರಾತ್ರಿ ಪಾಳಿಗೆ ಒಬ್ಬ ಎಂಬಿಬಿಎಸ್ ಡಾಕ್ಟರು ತಾಲ್ಲೂಕು ಊರಿನಲ್ಲಿ ಸಿಗುವುದು ಎಷ್ಟು ಕಷ್ಟ ಎಂದು ಅಲ್ಲಿ ಆಸ್ಪತ್ರೆ ನಡೆಸಿದವರಿಗೇ ಗೊತ್ತು. ಆದರೂ ಈ ನಿಯಮವನ್ನು ಸಡಿಲ ಮಾಡಬಾರದು ಎನ್ನುವುದೇ ನನ್ನ ಅಭಿಪ್ರಾಯ. ಆಪರೇಷನ್ ಆದವರಿಗೆ ರಕ್ತಸ್ರಾವ ಶುರುವಾಗುವುದು ರಾತ್ರಿ ಎರಡು ಗಂಟೆಗೂ ಇರಬಹುದು. ಆಗ ವಾರ್ಡಿನಲ್ಲಿ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಮಾತ್ರ ಇದ್ದರೆ ಏನು ಗತಿ?

ಕನಿಷ್ಠ ಅಗತ್ಯಗಳನ್ನು ದಾಟಿದ ಮೇಲೆ ವಿಭಾಗಗಳ ಲೆಕ್ಕ ಬರುತ್ತದೆ. ಆಪರೇಷನ್ ಮಾಡುವುದಾದರೆ ಸರ್ಜನ್ ಜೊತೆ ಅರಿವಳಿಕೆ ಡಾಕ್ಟರ್ ಯಾವ ಹೊತ್ತಿನಲ್ಲೂ ಸಿಗಬೇಕು. ಹೆರಿಗೆ ವಿಭಾಗಕ್ಕೆ ಹೆರಿಗೆ ಡಾಕ್ಟರ್, ಮಕ್ಕಳ ಡಾಕ್ಟರ್, ಅರಿವಳಿಕೆ ಡಾಕ್ಟರ್ ಮೂವರೂ ಬೇಕು. ಹೃದಯದ ವಿಭಾಗ ಎಂದರೆ ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವ ಕ್ಯಾತ್‌ಲ್ಯಾಬ್ ಮತ್ತು ಹೃದಯವನ್ನು ಸದಾ ನೋಡುತ್ತಿರುವ ಮಾನಿಟರ್‌ಗಳಿರುವ ಐಸಿಯು. ಎಲುಬಿನ ವಿಭಾಗಕ್ಕೆ ಒಪ್ಪಿಗೆ ಸಿಕ್ಕಿದೆ ಎಂದು ಅದೇ ಆಸ್ಪತ್ರೆ ಕಿಡ್ನಿ ಕಲ್ಲಿಗೆ ಯೋಜನೆಯಡಿ ಆಪರೇಷನ್ ಮಾಡಲಾಗದು. ಹಣಕ್ಕಾಗಿ ಅಂಥ ಕ್ಲೇಮ್ ಕಳಿಸಿದರೆ ತಿರಸ್ಕಾರವಾಗುತ್ತದೆ. ಆಪರೇಷನ್ ಆಗಿ ಹೋಗಿರುತ್ತದೆ, ಹಣ ಬರುವುದಿಲ್ಲ. ರೋಗಿಯಿಂದ ಕೇಳುವಂತೆಯೂ ಇಲ್ಲ.

ಇನ್ನು ಡಾಕ್ಟರುಗಳ ಹೆಸರಿನ ವಿಷಯ. ನನ್ನ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗುವುದು ಇಲ್ಲೇ. ಸಣ್ಣ ಊರುಗಳಲ್ಲಿ ಅರಿವಳಿಕೆ ಡಾಕ್ಟರು ಒಬ್ಬರೋ ಇಬ್ಬರೋ ಇರುತ್ತಾರೆ. ಅವರೇ ಊರಿನ ಎಲ್ಲ ಆಸ್ಪತ್ರೆಗಳಿಗೂ ಹೋಗುತ್ತಾರೆ. ಇದರಲ್ಲಿ ತಪ್ಪಿಲ್ಲ, ಹಾಗೆ ಹೋಗದಿದ್ದರೆ ಆ ಊರಿನಲ್ಲಿ ಆಪರೇಷನ್ನೇ ನಡೆಯುವುದಿಲ್ಲ. ತಪ್ಪಾಗುವುದು ಅವರನ್ನು ಪ್ರತಿಯೊಬ್ಬರೂ "ಪೂರ್ಣಾವಧಿ" ಎಂದು ತೋರಿಸಿದಾಗ. ಒಮ್ಮೆ ನಾನೊಂದು ಅರ್ಜಿ ತಯಾರಿಸುವಾಗ ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಿದೆ. "ಸರ್, ನಿಮ್ಮ ಹೆಸರು ಇಲ್ಲಿ ಪೂರ್ಣಾವಧಿ ಅಂತ ಹಾಕಿದ್ದಾರೆ, ಸರೀನಾ?" ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು. ಇನ್ನೂ ಎರಡು ಕಡೆ ಹಾಗೆಯೇ ಹಾಕಿರುವುದು ಆಮೇಲೆ ಗೊತ್ತಾಯಿತು. ಅವರು ಎಂದೋ ಕೊಟ್ಟಿದ್ದ ಪ್ರಮಾಣಪತ್ರದ ಜೆರಾಕ್ಸ್ ಎಲ್ಲರ ಫೈಲಿನಲ್ಲೂ ಕುಳಿತಿತ್ತು.

ಡಾಕ್ಟರುಗಳಿಗೆ ನನ್ನ ವಿನಂತಿ ಇಷ್ಟೇ. ನಿಮ್ಮ ನೋಂದಣಿ ಪತ್ರದ ಪ್ರತಿ ಕೊಡುವಾಗ ಅದರ ಮೇಲೆ ಯಾವ ಆಸ್ಪತ್ರೆಗೆ, ಯಾವ ತಾರೀಖಿನಂದು, ಯಾವ ಕೆಲಸಕ್ಕೆ ಎಂದು ಕೈಯಿಂದ ಬರೆದು ಸಹಿ ಹಾಕಿ. ಆಸ್ಪತ್ರೆ ಬಿಟ್ಟಾಗ ಒಂದು ಪತ್ರ ಕೊಟ್ಟು, ಪೋರ್ಟಲ್‌ನಿಂದ ಹೆಸರು ತೆಗೆದರೇ ಎಂದು ಕೇಳಿ. ನಾಳೆ ನಿಮ್ಮ ಹೆಸರಿನಲ್ಲಿ ಸುಳ್ಳು ಕ್ಲೇಮ್ ಹೋದರೆ ನೋಟಿಸಿಗೆ ಉತ್ತರ ಕೊಡಬೇಕಾದವರು ನೀವೇ. ಆಸ್ಪತ್ರೆಯವರೂ ವಿಸಿಟಿಂಗ್ ಡಾಕ್ಟರನ್ನು ವಿಸಿಟಿಂಗ್ ಎಂದೇ ಬರೆಯಲಿ, ವಾರದಲ್ಲಿ ಯಾವ ದಿನ ಬರುತ್ತಾರೆ ಎನ್ನುವುದನ್ನೂ ಬರೆಯಲಿ. ಹಾಗೆ ಬರೆದರೆ ಒಪ್ಪಿಗೆ ಸಿಗುವುದಿಲ್ಲ ಎಂಬ ಹೆದರಿಕೆ ತುಂಬಾ ಜನರಿಗಿದೆ. ಕೆಲವು ವಿಭಾಗಕ್ಕೆ ಸಿಗದೇ ಹೋಗಬಹುದು, ನಿಜ. ಸಿಕ್ಕಷ್ಟು ವಿಭಾಗಗಳನ್ನು ಚೆನ್ನಾಗಿ ನಡೆಸುವುದು ಒಳ್ಳೆಯದು, ಅಲ್ವಾ?

ಪರವಾನಗಿಗಳ ಕಥೆ ಬೇರೆ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ ನಡೆಸಲು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಬೇಕೇ ಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಅದನ್ನು ಕೊಡುತ್ತದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ. ಐದು ವರ್ಷಕ್ಕೆ ನವೀಕರಿಸಬೇಕು. ಇದಿಲ್ಲದೆ ಯೋಜನೆಯ ಅರ್ಜಿ ಮುಂದೆ ಹೋಗುವುದಿಲ್ಲ. ಅದರ ಜೊತೆಗೆ 2016ರ ಜೈವಿಕ ತ್ಯಾಜ್ಯ ನಿಯಮದಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ. ಸ್ಕ್ಯಾನಿಂಗ್ ಯಂತ್ರ ಇದ್ದರೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿ. ಎಕ್ಸ್‌ರೇ ಇದ್ದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಲಿಫ್ಟ್‌ಗೆ, ಬೆಂಕಿ ಸುರಕ್ಷತೆಗೆ ಬೇರೆ ಬೇರೆ. ಒಂದೊಂದರ ಕೊನೆಯ ತಾರೀಖೂ ಒಂದೊಂದು. ಯಾವುದೂ ಒಟ್ಟಿಗೆ ಮುಗಿಯುವುದಿಲ್ಲ.

ನಾನು ಎಲ್ಲ ಕಡೆ ಮಾಡಿಸುವ ಮೊದಲ ಕೆಲಸ ಎಂದರೆ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ. ಪರವಾನಗಿಯ ಹೆಸರು, ಮುಗಿಯುವ ತಾರೀಖು, ಅದಕ್ಕೆ ಮೂರು ತಿಂಗಳ ಮುಂಚಿನ ತಾರೀಖು, ಮತ್ತು ಹೊಣೆ ಯಾರದು ಎಂಬುದು. ಕಂಪ್ಯೂಟರ್‌ನಲ್ಲಿ ಹಾಕಿದರೆ ಯಾರೂ ತೆರೆದು ನೋಡುವುದಿಲ್ಲ. ಗೋಡೆಯ ಮೇಲಿದ್ದರೆ ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುತ್ತದೆ. ಮೂರು ತಿಂಗಳು ಏಕೆಂದರೆ ಒಂದು ಕಚೇರಿಯ ಕಾಗದಕ್ಕೆ ಇನ್ನೊಂದು ಕಚೇರಿಯ ಕಾಗದ ಕೇಳುತ್ತಾರೆ. ಕೊನೆಯ ವಾರದಲ್ಲಿ ಓಡಾಡಿದರೆ ಆಗುವುದಿಲ್ಲ.

ತಪಾಸಣೆಯ ದಿನ ನಾನು ಕಂಡಿರುವ ಕೆಲವು ಸಂಗತಿಗಳು ಈಗಲೂ ಬೇಸರ ತರಿಸುತ್ತವೆ. ಹಿಂದಿನ ರಾತ್ರಿ ಬೇರೆಡೆಯಿಂದ ಹಾಸಿಗೆ ತರಿಸಿ ಜೋಡಿಸುವುದು, ಒಂದು ದಿನದ ಮಟ್ಟಿಗೆ ವೆಂಟಿಲೇಟರ್ ತರಿಸುವುದು. ಅಂಥ ಕಡೆ ನಾನು ಫೈಲು ವಾಪಸ್ ಕೊಟ್ಟು ಬಂದಿದ್ದೇನೆ. 2023ರ ಆಗಸ್ಟ್‌ನಲ್ಲಿ ಮಹಾಲೇಖಪಾಲರ ವರದಿ ಸಂಸತ್ತಿನ ಮುಂದೆ ಬಂದಾಗ ಎಲ್ಲರೂ ಮಾತಾಡಿದ್ದು ಒಂದೇ ಮೊಬೈಲ್ ನಂಬರ್‌ಗೆ 7.5 ಲಕ್ಷದಷ್ಟು ಫಲಾನುಭವಿಗಳು ಜೋಡಣೆಯಾಗಿದ್ದ ಸುದ್ದಿಯನ್ನು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಯೋಜನೆಗೆ ಸೇರಿದ ಕೆಲವು ಆಸ್ಪತ್ರೆಗಳಲ್ಲಿ ಕನಿಷ್ಠ ಸೌಲಭ್ಯಗಳೇ ಇರಲಿಲ್ಲ. ನನಗೆ ಮೊದಲನೆಯದಕ್ಕಿಂತ ಇದು ಗಂಭೀರ ಎನಿಸಿತು. ತಪ್ಪು ನಂಬರನ್ನು ಕೂತಲ್ಲೇ ತಿದ್ದಬಹುದು. ವೆಂಟಿಲೇಟರ್ ಇಲ್ಲದ ಕಡೆ ರೋಗಿಯ ಉಸಿರು ನಿಂತರೆ ಏನು ಮಾಡುವುದು?

ನಿಯತ್ತಾಗಿ ಗುಣಮಟ್ಟ ಹೆಚ್ಚಿಸಿಕೊಂಡವರಿಗೆ ನಿಯಮದಲ್ಲೇ ಲಾಭವಿದೆ. ರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್‌ಎಬಿಎಚ್‌ನ ಪ್ರವೇಶ ಹಂತದ ಪ್ರಮಾಣಪತ್ರ ಇದ್ದರೆ ಪ್ಯಾಕೇಜ್ ದರದ ಮೇಲೆ ಶೇ 10, ಪೂರ್ಣ ಮಾನ್ಯತೆ ಇದ್ದರೆ ಶೇ 15 ಹೆಚ್ಚು ಕೊಡುವ ಏರ್ಪಾಡಿದೆ. ಕೇಂದ್ರ ಸರ್ಕಾರ "ಮಹತ್ವಾಕಾಂಕ್ಷಿ" ಎಂದು ಗುರುತಿಸಿದ ಹಿಂದುಳಿದ ಜಿಲ್ಲೆಗಳಿಗೂ ಶೇ 10 ಹೆಚ್ಚು. ನಮ್ಮಲ್ಲಿ ರಾಯಚೂರು, ಯಾದಗಿರಿ ಆ ಪಟ್ಟಿಯಲ್ಲಿವೆ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಯಾವ ದರ ನಿಮಗೆ ಅನ್ವಯಿಸುತ್ತದೆ ಎಂದು ರಾಜ್ಯದ ಟ್ರಸ್ಟಿನಿಂದ ಬರಹದಲ್ಲಿ ತಿಳಿದುಕೊಳ್ಳಿ.

ಆ ಒಪ್ಪಂದದ ಪತ್ರವನ್ನು ಪೂರ್ತಿ ಓದಿದ ಮಾಲೀಕರನ್ನು ನಾನು ಕಂಡಿದ್ದು ಕಡಿಮೆ. ಸುಮ್ನೆ ಸಹಿ ಹಾಕಿಬಿಡುತ್ತಾರೆ. ಅದರಲ್ಲಿನ ಮುಖ್ಯ ಮಾತು, ಬಿಪಿಎಲ್ ರೋಗಿಯಿಂದ ಪ್ಯಾಕೇಜಿನೊಳಗಿನ ಯಾವುದಕ್ಕೂ ಹಣ ಪಡೆಯುವಂತಿಲ್ಲ. ಔಷಧಿ, ಪರೀಕ್ಷೆ, ಇಂಪ್ಲಾಂಟ್, ಊಟ ಎಲ್ಲ ಅದರೊಳಗೇ. "ಒಳ್ಳೆ ಕಂಪನಿಯ ರಾಡ್ ಹಾಕ್ತೀವಿ, ಅದಕ್ಕೆ ಬೇರೆ ಕೊಡಿ" ಎನ್ನುವುದು ನೇರವಾಗಿ ಒಪ್ಪಂದ ಮುರಿದಂತೆ. ದರ ಸಾಲದು ಎಂದು ಡಾಕ್ಟರುಗಳು ಹೇಳುವುದರಲ್ಲಿ ಕೆಲವು ಆಪರೇಷನ್‌ಗಳ ಮಟ್ಟಿಗೆ ಸತ್ಯವಿದೆ, ನಾನೇ ಲೆಕ್ಕ ಹಾಕಿ ನೋಡಿದ್ದೇನೆ. ಆದರೆ ಅದನ್ನು ಸರ್ಕಾರದ ಹತ್ತಿರ ಕೇಳಬೇಕು. ಎಮ್ಮೆ ಮಾರಿ ಬಂದವರ ಹತ್ತಿರ ಕೇಳಬಾರದು.

ರೋಗಿಗಳ ಮನೆಯವರಿಗೆ ಎರಡು ಮಾತು. ನಮ್ಮ ರಾಜ್ಯದಲ್ಲಿ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಚೀಟಿ ಬೇಡ, ಯೋಜನೆಯ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಚೀಟಿ ಪಡೆಯುವಾಗಲೇ ಅಲ್ಲಿನ ಆರೋಗ್ಯಮಿತ್ರರನ್ನು "ಈ ಆಸ್ಪತ್ರೆಯಲ್ಲಿ ಈ ಆಪರೇಷನ್‌ಗೆ ಇವತ್ತು ಕಾರ್ಡ್ ನಡೆಯುತ್ತಾ?" ಎಂದು ಕೇಳಿ. "ಆಯುಷ್ಮಾನ್ ಇದೆಯಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಗಾಡಿ ಮಾಡುವ ಮುಂಚೆ ಸಹಾಯವಾಣಿ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ. ಯಾರಾದರೂ ಹಣ ಕೇಳಿದರೆ ರಸೀದಿ ಕೇಳಿ, ಅದನ್ನು ಜೋಪಾನವಾಗಿಡಿ. ದೂರು ಕೊಡುವಾಗ ಅದೇ ಆಧಾರ.

ಹಾವೇರಿ ಕಡೆಯ ಆ ನರ್ಸಿಂಗ್ ಹೋಮ್‌ಗೆ ನಾನು ಮತ್ತೆ ಹೋಗಿದ್ದೆ. ಹೊಸ ಸರ್ಜನ್ ಹೆಸರು ಪೋರ್ಟಲ್‌ನಲ್ಲಿ ಸೇರಿತ್ತು. ಬಾಗಿಲ ಬೋರ್ಡಿನ ಕೆಳಗೆ ಒಂದು ಬಿಳಿ ಹಲಗೆ ತೂಗುಹಾಕಿದ್ದಾರೆ. ಅದರ ಮೇಲೆ ಯಾವ ಯಾವ ವಿಭಾಗಕ್ಕೆ ಕಾರ್ಡ್ ನಡೆಯುತ್ತದೆ ಎಂದು ಬರೆದಿದೆ. ಪ್ರತಿ ಸೋಮವಾರ ಆರೋಗ್ಯಮಿತ್ರ ಹುಡುಗಿ ಪೋರ್ಟಲ್ ನೋಡಿ ಅದನ್ನು ತಿದ್ದಿ, ಕೆಳಗೆ ತಾರೀಖು ಹಾಕುತ್ತಾಳೆ. ನಾನು ಹೋದ ದಿನ ಕಿವಿ-ಮೂಗು-ಗಂಟಲಿನ ಮುಂದೆ "ಈ ವಾರ ಇಲ್ಲ" ಎಂದು ಬರೆದಿತ್ತು.